ಷೇರಿಲ್ಲದೆ, ಬರೀ ಬಾಂಡ್ ಮೇಲೆ ನಿವೃತ್ತಿ: ನನ್ನ ಅನುಭವ

ಷೇರು ಒಂದೂ ಇಟ್ಟುಕೊಳ್ಳದೆ, ಬರೀ ಬಾಂಡ್ (ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಟ್ಟ ಸಾಲದ ಪತ್ರ) ನಂಬಿ ನಿವೃತ್ತಿ ಜೀವನ ನಡೆಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಅಳಿಯ ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದರು. "ಮಾವ, ಬೆಲೆ ಏರಿಕೇಲಿ ನಿಮ್ಮ ದುಡ್ಡು ಕರಗಿ ಹೋಗುತ್ತೆ" ಅಂದರು. 2025ರಲ್ಲಿ ರೆಪೊ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 6.5ರಿಂದ 5.25ಕ್ಕೆ ಇಳಿದು ಎಲ್ಲರ ಎಫ್‌ಡಿ ಬಡ್ಡಿ ಕುಸಿಯಿತಲ್ಲ, ಆಗ ಅದೇ ಅಳಿಯ ಫೋನ್ ಮಾಡಿ, "ನಮ್ಮ ಅಪ್ಪನಿಗೂ ನಿಮ್ಮ ಹಾಗೇ ಮಾಡಿಕೊಡ್ತೀರಾ?" ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಖಾಸಗಿ ಕಾರ್ಖಾನೆಯಲ್ಲಿ ಇದ್ದವನು. ಪಿಎಫ್ ಜೊತೆ ಬರುವ ಇಪಿಎಸ್ ಪಿಂಚಣಿ ತಿಂಗಳಿಗೆ ಮೂರು ಸಾವಿರದ ಒಳಗೆ, ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. 2019ರಲ್ಲಿ ಹೊರಗೆ ಬಂದಾಗ ಪಿಎಫ್, ಗ್ರಾಚ್ಯುಟಿ, ಒಂದು ಸೈಟ್ ಮಾರಿದ ದುಡ್ಡು ಎಲ್ಲ ಸೇರಿ ಸುಮಾರು 90 ಲಕ್ಷ. ಮನೆ ಖರ್ಚು ತಿಂಗಳಿಗೆ 35 ಸಾವಿರದ ಆಸುಪಾಸು. ಸ್ವಂತ ಮನೆ, ಸಾಲ ಇಲ್ಲ. ಬಾಡಿಗೆ ಕಟ್ಟುವವರು ನನ್ನ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬೇಡಿ.

ಸರ್ಕಾರದ ಸೀನಿಯರ್ ಸಿಟಿಜನ್ ಉಳಿತಾಯ ಸ್ಕೀಮಿಗೆ 15 ಲಕ್ಷ ಹಾಕಿದೆ. ಆಗಿನ ಮಿತಿ ಅಷ್ಟೇ, ಬಡ್ಡಿ ಶೇ 8.6. ಉಳಿದದ್ದು ಒಂದೆರಡು ವರ್ಷದ ಎಫ್‌ಡಿಗಳಲ್ಲಿ. ಮೊದಲ ಪೆಟ್ಟು ಬಿದ್ದದ್ದೇ ಅಲ್ಲಿ. 2020ರಲ್ಲಿ ರೆಪೊ ಶೇ 4ಕ್ಕೆ ಬಂತು. ಮುಗಿದ ಎಫ್‌ಡಿಗಳು ಹೊಸದಾಗಿ ಶೇ 5.5ರ ಸುತ್ತ ಕೂತವು. ಎಫ್‌ಡಿ ಬಡ್ಡಿಯಲ್ಲಿ ಹೆಚ್ಚುಕಮ್ಮಿ ಕಾಲು ಭಾಗ ಹೋಯಿತು. ಅಸಲು ಒಂದು ರೂಪಾಯಿ ಕಮ್ಮಿ ಆಗಿರಲಿಲ್ಲ, ಆದರೆ ಕೈಗೆ ಬರುವುದು ಕಮ್ಮಿ ಆಗಿತ್ತು. ಬಾಂಡ್ ಅಂದರೆ ದುಡ್ಡು ಮುಳುಗುತ್ತಾ ಅಂತ ಜನ ಕೇಳುತ್ತಾರೆ. ಸರ್ಕಾರಿ ಬಾಂಡ್‌ನಲ್ಲಿ ನನಗೆ ಆ ಭಯ ಇಲ್ಲ. ಅವಧಿ ಮುಗಿದ ದಿನ ಬಡ್ಡಿ ಎಷ್ಟಿರುತ್ತೆ ಅನ್ನುವುದೇ ನಿದ್ದೆಗೆಡಿಸುವ ವಿಷಯ.

ಮುಳುಗುವ ಬಾಂಡ್‌ಗಳೂ ಇವೆ, ಸುಳ್ಳಲ್ಲ. ನಿವೃತ್ತಿಯಾದ ಹೊಸದರಲ್ಲಿ ಒಬ್ಬ ಏಜೆಂಟ್ ಮನೆಗೇ ಬಂದು ಶೇ 9ರ ಮೇಲಿನ ಪರ್ಪೆಚುವಲ್ ಬಾಂಡ್ ತೋರಿಸಿದ, ಅಂದರೆ ಅಸಲು ವಾಪಸ್ ಕೊಡುವ ದಿನವೇ ಗೊತ್ತು ಮಾಡದ ಬಾಂಡ್. ಎಎಎ ಅನ್ನುವ ಅತ್ಯುತ್ತಮ ರೇಟಿಂಗ್ ಇದ್ದ ಐಎಲ್ ಅಂಡ್ ಎಫ್‌ಎಸ್ ಕಂಪನಿ 2018ರಲ್ಲಿ ಕೈ ಎತ್ತಿದ್ದು ನೆನಪಿತ್ತು. ಕಾಫಿ ಕುಡಿಸಿ ಕಳಿಸಿದೆ. 2020ರ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಸುಮಾರು 8,400 ಕೋಟಿಯ ಎಟಿ1 ಬಾಂಡ್‌ಗಳನ್ನು (ಬ್ಯಾಂಕಿನ ಪರ್ಪೆಚುವಲ್ ಬಾಂಡ್) ಸೊನ್ನೆ ಮಾಡಿದರು. ಎರಡು ಪರ್ಸೆಂಟ್ ಜಾಸ್ತಿ ಬಡ್ಡಿಗೆ ಅಸಲನ್ನೇ ಪಣಕ್ಕಿಡುವ ವಯಸ್ಸಲ್ಲ ನನ್ನದು.

2021ರ ನವೆಂಬರ್‌ನಲ್ಲಿ ಆರ್‌ಬಿಐ ರಿಟೇಲ್ ಡೈರೆಕ್ಟ್ ಶುರುವಾಯಿತು, ನಮ್ಮಂಥವರೂ ಸರ್ಕಾರಿ ಬಾಂಡ್ ನೇರವಾಗಿ ಕೊಳ್ಳುವ ವೆಬ್‌ಸೈಟ್. ಪ್ಯಾನ್‌ನಲ್ಲಿ ನನ್ನ ಇನಿಷಿಯಲ್ ಬಿಡಿಸಿ ಬರೆದಿತ್ತು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಎರಡು ಅಕ್ಷರ. ಅದನ್ನು ಸರಿಮಾಡಿಸಿ ಖಾತೆ ತೆರೆಯುವಷ್ಟರಲ್ಲಿ ತಿಂಗಳು ಕಳೆಯಿತು. ತೆರೆದ ಮೇಲೆ ಕೈ ಸುಮ್ನೆ ಇರಲಿಲ್ಲ. ಪ್ರಯೋಗ ಅಂತ 3 ಲಕ್ಷಕ್ಕೆ 2061ರ ಶೇ 6.76ರ ಬಾಂಡ್ ತಗೊಂಡೆ, ನೂರು ರೂಪಾಯಿ ಮುಖಬೆಲೆಗೆ 96ರ ಹತ್ತಿರ. ಮರುವರ್ಷ ಬಡ್ಡಿ ಏರಿತು; ಹೊಸ ಬಾಂಡ್‌ಗೆ ಜಾಸ್ತಿ ಬಡ್ಡಿ ಸಿಗುವಾಗ ಹಳೆಯದರ ಬೆಲೆ ಇಳಿಯುತ್ತೆ, 88–89ಕ್ಕೆ ಬಂತು. ಪರದೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಸಾವಿರ ಮಾಯ! ಆದರೆ ಕೂಪನ್ (ಆರು ತಿಂಗಳಿಗೊಮ್ಮೆ ಬರುವ ಬಡ್ಡಿ) ಒಂದು ದಿನವೂ ತಪ್ಪಲಿಲ್ಲ. ನಡುವೆ ಮಾರಬೇಕಾಗಿ ಬಂದವನಿಗೆ ಮಾತ್ರ ಅದು ನಿಜವಾದ ನಷ್ಟ. ಕೊನೆಗೆ ಬೆಲೆ ಕೊಂಡ ಮಟ್ಟಕ್ಕೆ ಬಂದಾಗ ಮಾರಿದೆ. ಆಸ್ಪತ್ರೆ ದುಡ್ಡನ್ನು ಉದ್ದದ ಬಾಂಡ್‌ನಲ್ಲಿ ಇಡಬೇಡಿ, ಇಷ್ಟೇ ಹೇಳುವುದು.

ಅದೇ ಬಡ್ಡಿ ಏರಿಕೆ ನನಗೆ ವರವಾಯಿತು. 2022ರ ಮಧ್ಯದಿಂದ 2023ರ ಕೊನೆವರೆಗೆ ಹತ್ತು ವರ್ಷದ ಬಾಂಡ್ ಶೇ 7ರಿಂದ 7.6ರ ನಡುವೆ ಓಡಾಡುತ್ತಿತ್ತು. ಎಫ್‌ಡಿ ಮುಗಿದ ಹಾಗೆಲ್ಲ ಬೇರೆ ಬೇರೆ ವರ್ಷ ಮುಗಿಯುವ ಬಾಂಡ್ ಕೊಂಡು ಒಂದೊಂದು ಮೆಟ್ಟಿಲು ಕಟ್ಟಿದೆ. 2026ರಿಂದ 2036ರವರೆಗೆ, ಒಂದೆರಡು ವರ್ಷ ಬಿಟ್ಟರೆ, ಪ್ರತಿ ವರ್ಷ ಏನಾದರೊಂದು ಮುಗಿಯುತ್ತೆ. ಎಲ್ಲ ಒಟ್ಟಿಗೆ ಕಡಿಮೆ ಬಡ್ಡಿಗೆ ಸಿಕ್ಕಿಬೀಳುವುದಿಲ್ಲ, ಅಲ್ವಾ?

ಕೂಪನ್ ಬರುವ ತಿಂಗಳು ನೋಡಿ ಬಾಂಡ್ ಆರಿಸಿದ್ದು ನನ್ನ ಹೆಮ್ಮೆ. ಶೇ 7.18ರ 2033ರದು ಫೆಬ್ರವರಿ–ಆಗಸ್ಟ್, 7.10ರ 2034ರದು ಏಪ್ರಿಲ್–ಅಕ್ಟೋಬರ್, 7.54ರ 2036ರದು ಮೇ–ನವೆಂಬರ್. ಮಾರ್ಚ್–ಸೆಪ್ಟೆಂಬರ್‌ಗೆ ಕರ್ನಾಟಕದ ಎಸ್‌ಡಿಎಲ್ (ರಾಜ್ಯ ಸರ್ಕಾರದ ಬಾಂಡ್) ಹಿಡಿದೆ, ಬಡ್ಡಿಯೂ ಒಂದು ಚೂರು ಜಾಸ್ತಿ. ಹೀಗೆ ಹೆಚ್ಚುಕಮ್ಮಿ ಪ್ರತಿ ತಿಂಗಳೂ ಒಂದು ಕೂಪನ್ ಖಾತೆಗೆ ಬೀಳುತ್ತೆ. ಹೊಸಬರಿಗೆ ಒಂದು ಮಾತು: 7.54ರದನ್ನು 100.40ಕ್ಕೆ ಒಂದು ಲಕ್ಷದಷ್ಟು ಕೊಂಡಾಗ ನನ್ನ ಖಾತೆಯಿಂದ ಹೋದದ್ದು 1,02,900 ಚಿಲ್ಲರೆ. ಮೋಸ ಅಲ್ಲ. ನಾಲ್ಕು ತಿಂಗಳ ಬಡ್ಡಿಯನ್ನು ಮಾರಿದವನಿಗೆ ಮೊದಲೇ ಕೊಟ್ಟದ್ದು, ನವೆಂಬರ್ ಕೂಪನ್‌ನಲ್ಲಿ ವಾಪಸ್ ಬಂತು. ಸಣ್ಣ ಲಾಟ್‌ಗೆ ಒಳ್ಳೆ ಬೆಲೆ ಸಿಗುವುದು ದಿನದ ಯಾವ ಹೊತ್ತಿಗೆ ಅಂತ ಮಾತ್ರ ಹೇಳಲ್ಲ. ಎಲ್ಲರೂ ಅದೇ ಹೊತ್ತಿಗೆ ಬಂದರೆ ನನಗೇನು ಉಳಿಯುತ್ತೆ?

ಜೊತೆಗೆ 10 ಲಕ್ಷ ಆರ್‌ಬಿಐ ಫ್ಲೋಟಿಂಗ್ ಬಾಂಡ್‌ನಲ್ಲಿದೆ, ಅದರ ಬಡ್ಡಿ ಆಗಾಗ ಬದಲಾಗುತ್ತೆ. ಶೇ 7.15 ಇದ್ದದ್ದು 2023ರ ಜುಲೈಗೆ 8.05 ಆಯಿತು. ಏಳು ವರ್ಷ ಮಾರುವ ಹಾಗಿಲ್ಲ, ಅದೊಂದು ಕಿರಿಕಿರಿ. 2023ರ ಬಜೆಟ್‌ನಲ್ಲಿ ಸೀನಿಯರ್ ಸಿಟಿಜನ್ ಸ್ಕೀಮಿನ ಮಿತಿ 30 ಲಕ್ಷಕ್ಕೆ ಏರಿತು. 2024ರಲ್ಲಿ ನನ್ನ ಖಾತೆ ಮುಗಿದಾಗ ಶೇ 8.2ಕ್ಕೆ ಪೂರ್ತಿ ತುಂಬಿಸಿದೆ, ಅರವತ್ತು ದಾಟಿದ್ದ ಮನೆಯವಳ ಹೆಸರಲ್ಲೂ ಒಂದಿಷ್ಟು ಹಾಕಿದೆ.

ಈಗ ಅಳಿಯನ ಪ್ರಶ್ನೆ, ಬೆಲೆ ಏರಿಕೆ. ಅದು ಸರಿಯಾದ ಪ್ರಶ್ನೆಯೇ. ನಂದಿನಿ ನೀಲಿ ಪ್ಯಾಕೆಟ್ 2020ರಲ್ಲಿ ಲೀಟರಿಗೆ 37 ಇತ್ತು, 2025ರ ಏಪ್ರಿಲ್‌ಗೆ 46. ಆರೋಗ್ಯ ವಿಮೆ ಕಂತು ಇದಕ್ಕಿಂತ ಜೋರಾಗಿ ಓಡಿದೆ, ನಮ್ಮದು ಹತ್ತಿರಹತ್ತಿರ ದುಪ್ಪಟ್ಟು. ನಾನು ವರ್ಷಕ್ಕೆ ಶೇ 6 ಏರಿಕೆ ಹಿಡಿಯುತ್ತೇನೆ. ಬಡ್ಡಿಯೂ ಅಷ್ಟೇ ಬಂದರೆ ಲೆಕ್ಕ ಸುಲಭ: ಒಟ್ಟು ದುಡ್ಡನ್ನು ವರ್ಷದ ಖರ್ಚಿನಿಂದ ಭಾಗಿಸಿ. 90 ಲಕ್ಷಕ್ಕೆ 4.2 ಲಕ್ಷ ಅಂದರೆ 21 ವರ್ಷ. ಬಡ್ಡಿ ಶೇ 7 ಸಿಕ್ಕರೆ 24–25 ವರ್ಷ ಬರುತ್ತೆ. ಆದರೆ ಒಂದು ಷರತ್ತು, ಮೊದಲ ವರ್ಷಗಳಲ್ಲಿ ಉಳಿದ ಬಡ್ಡಿಯನ್ನು ಮುಟ್ಟದೆ ಮತ್ತೆ ಬಾಂಡ್‌ಗೇ ಹಾಕಬೇಕು. ಬಂದದ್ದನ್ನೆಲ್ಲ ಖರ್ಚು ಮಾಡುವವರಿಗೆ ಬರೀ ಬಾಂಡ್ ಆಗುವುದಿಲ್ಲ, ಖಂಡಿತ ಬೇಡ. ವರ್ಷದ ಖರ್ಚು ಒಟ್ಟು ದುಡ್ಡಿನ ಶೇ 5 ದಾಟಿದವರಿಗೂ ನಾನು ಹೇಳಲ್ಲ. ಈಗ ನಮ್ಮ ಖರ್ಚು ತಿಂಗಳಿಗೆ 50 ಸಾವಿರದ ಹತ್ತಿರ, ಬರುವುದು 58–60 ಸಾವಿರ.

ಷೇರಿನಲ್ಲಿ ಇಟ್ಟಿದ್ದರೆ ಜಾಸ್ತಿ ಆಗುತ್ತಿತ್ತು, ಒಪ್ಪುತ್ತೇನೆ. ಷೇರುಪೇಟೆ ಸೂಚ್ಯಂಕ ನಿಫ್ಟಿ 2020ರ ಮಾರ್ಚ್‌ನಲ್ಲಿ 7,600ರ ಸುತ್ತ ಇದ್ದದ್ದು 2024ರ ಸೆಪ್ಟೆಂಬರ್‌ನಲ್ಲಿ 26,000 ದಾಟಿತು. ಆದರೆ 12,000ದಿಂದ 7,600ಕ್ಕೆ ಬೀಳುವಾಗ ನಾನು ಸಂಬಳ ನಿಂತು ಒಂದು ವರ್ಷವೂ ಆಗಿರದ ಮನುಷ್ಯ. ಮಾರದೆ ಕೂರುತ್ತಿದ್ದೆ ಅಂತ ಎದೆ ತಟ್ಟಿ ಹೇಳಲಾರೆ.

ನಿಯಮಕ್ಕೆ ಒಂದು ಸಣ್ಣ ಸಡಿಲ ಇದೆ: ಚಿನ್ನದ ಬೆಲೆಗೆ ಜೋಡಿಸಿದ ಸರ್ಕಾರದ ಚಿನ್ನದ ಬಾಂಡ್. ಹೆಸರಲ್ಲಿ ಬಾಂಡ್ ಇದೆಯಲ್ಲ! 2015ರ ಮೊದಲ ಕಂತಿನಲ್ಲಿ ಗ್ರಾಂಗೆ 2,684ರಂತೆ ಮಗಳಿಗೆ ಅಂತ ಒಂದಿಷ್ಟು ತಗೊಂಡಿದ್ದೆ. 2023ರಲ್ಲಿ 6,132ರಂತೆ ಬಂತು, ಮೇಲೆ ವರ್ಷಕ್ಕೆ ಶೇ 2.75 ಬಡ್ಡಿ ಬೇರೆ. 2024ರ ಫೆಬ್ರವರಿ ಆದಮೇಲೆ ಹೊಸ ಕಂತು ಬಂದಿಲ್ಲ. ಬೆಲೆ ಏರಿಕೆಗೇ ಜೋಡಿಸಿದ ಉಳಿತಾಯ ಪತ್ರವನ್ನೂ 2013ರಲ್ಲಿ ತಂದಿದ್ದರು, ಹಣದುಬ್ಬರದ ಮೇಲೆ ಶೇ 1.5. ಆಗ ಯಾರೂ ಕ್ಯಾರೇ ಅನ್ನಲಿಲ್ಲ. ಅದು ಮತ್ತೆ ಬಂದರೆ ನಾನೇ ಮೊದಲು ಕ್ಯೂನಲ್ಲಿ ನಿಲ್ಲುತ್ತೇನೆ.

ಇನ್ನೊಂದು ರಿಸ್ಕ್ ಯಾವ ಎಕ್ಸೆಲ್ ಶೀಟ್‌ನಲ್ಲೂ ಬರುವುದಿಲ್ಲ. ಲಾಗಿನ್, ಬಿಡ್, ಕೂಪನ್ ತಾರೀಕು ಎಲ್ಲ ನನ್ನೊಬ್ಬನ ತಲೆಯಲ್ಲಿತ್ತು. ರಿಟೇಲ್ ಡೈರೆಕ್ಟ್ ಖಾತೆಯನ್ನು ಜಂಟಿಯಾಗಿಯೂ ತೆರೆಯಬಹುದು, ನಾಮಿನಿ ಹಾಕಲೇಬೇಕು. ಹೋದ ವರ್ಷದಿಂದ ಹೊಸ ಮೆಟ್ಟಿಲು ಕೊಳ್ಳುವ ಕೆಲಸ ಮನೆಯವಳದು, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮೊನ್ನೆ ನನಗಿಂತ ಎಂಟು ಪೈಸೆ ಕಮ್ಮಿಗೆ ಕೊಂಡಳು.