ದಾವಣಗೆರೆ ನಿಲ್ದಾಣದ ಸುತ್ತ ಟಿಒಡಿ: ಮೊದಲು ನಡೆದು ಅಳೆಯಿರಿ

ರೈಲು ನಿಲ್ದಾಣದ ಸುತ್ತ ಮನೆ, ಅಂಗಡಿ, ಕಚೇರಿಗಳು ಒತ್ತಾಗಿ ಬೆಳೆಯುವಂತೆ ಯೋಜಿಸುವುದಕ್ಕೆ ಟಿಒಡಿ ಎನ್ನುತ್ತಾರೆ. ಕೇಂದ್ರ ಸರ್ಕಾರದ 2017ರ ನೀತಿಯ ಪ್ರಕಾರ ನಿಲ್ದಾಣದಿಂದ 500ರಿಂದ 800 ಮೀಟರ್, ಅಂದರೆ ಹತ್ತು-ಹನ್ನೆರಡು ನಿಮಿಷದ ನಡಿಗೆ, ಪ್ರಭಾವ ವಲಯ. ಹಾಗೆಂದು ನಕ್ಷೆಯ ಮೇಲೆ ಕೈವಾರ ಇಟ್ಟು ವೃತ್ತ ಎಳೆದರೆ ದಾವಣಗೆರೆಯಲ್ಲಿ ಲೆಕ್ಕ ತಪ್ಪುತ್ತದೆ. ಹಳಿ ಊರನ್ನು ಸೀಳಿಕೊಂಡು ಹೋಗಿದೆ. ಎದುರಿಗೇ ಕಾಣುವ ಮನೆಗೂ ಸುತ್ತು ಹಾಕಿ ಹೋಗಬೇಕು. ಅಶೋಕ ರಸ್ತೆಯ ರೈಲ್ವೆ ಗೇಟ್ ಬಿದ್ದಾಗ ಕಾದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎ2 ಹಾಳೆಯಲ್ಲಿ 1:5000 ಅಳತೆಯ ನಕ್ಷೆ ತೆಗೆಸಿ. ಇದರಲ್ಲಿ 800 ಮೀಟರ್ ಎಂದರೆ 16 ಸೆಂ.ಮೀ. ಜನ ಹೊರಬೀಳುವ ಪ್ರತಿ ಬಾಗಿಲಿನಿಂದಲೂ, ಪ್ರತಿ ರಸ್ತೆಯಲ್ಲೂ ಹತ್ತು ನಿಮಿಷ ನಡೆದು, ನಿಂತ ಜಾಗಕ್ಕೆ ಚುಕ್ಕಿ ಇಡಿ. ಪ್ಲಾಟ್‌ಫಾರ್ಮ್‌ನ ನಡುವಿನಿಂದ ಅಳೆಯಬೇಡಿ, ಬಾಗಿಲಿಂದಲೇ ಅಳೆಯಿರಿ. ವಯಸ್ಸಾದವರೊಬ್ಬರು ಜೊತೆಗಿದ್ದರೆ ಒಳ್ಳೆಯದು, ಹುಡುಗರ ನಡಿಗೆಯ ವೇಗ ನಂಬುವಂಥದ್ದಲ್ಲ. ಸಂಜೆ ಆರರ ಮೇಲೆ ಇನ್ನೊಮ್ಮೆ ನಡೆಯಿರಿ. ದೀಪವಿಲ್ಲದ ಗಲ್ಲಿಯನ್ನು ಜನ ಬಳಸುವುದಿಲ್ಲ, ಅದನ್ನು ನಕ್ಷೆಯಲ್ಲೂ ಹೊಡೆದುಹಾಕಿ.

ಚುಕ್ಕಿಗಳನ್ನು ಕೂಡಿಸಿ ಒಳಗಿನ ಒಂದು ಸೆಂ.ಮೀ. ಚೌಕಗಳನ್ನು ಎಣಿಸಿ. ಒಂದು ಚೌಕ ಕಾಲು ಹೆಕ್ಟೇರ್. ಪೂರ್ತಿ ವೃತ್ತ ಸುಮಾರು 201 ಹೆಕ್ಟೇರ್. ಪಿ.ಜೆ. ಬಡಾವಣೆಯಂತೆ ಮೇನ್, ಕ್ರಾಸ್ ಎಂದು ಚೌಕಾಕಾರವಾಗಿ ರಸ್ತೆಗಳಿದ್ದರೂ ನಡಿಗೆಗೆ ಸಿಗುವುದು ಹೆಚ್ಚೆಂದರೆ 128 ಹೆಕ್ಟೇರ್, ಶೇ. 64. ನಿಮ್ಮ ಎಣಿಕೆ 100 ಹೆಕ್ಟೇರ್‌ಗಿಂತ ಕೆಳಗಿಳಿದರೆ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ) ಮಾತು ಆಮೇಲೆ. ಮೊದಲು ದಾರಿ ತೆರೆಯಬೇಕು.

ಹಳಿ ದಾಟಿಸುವುದಕ್ಕೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಮೇಲ್ಸೇತುವೆ. ಅದರ ಲೆಕ್ಕ ಹೀಗಿದೆ. ವಿದ್ಯುತ್ ತಂತಿಯಿರುವ ಹಳಿಯ ಮೇಲೆ ಆರೂವರೆ ಮೀಟರ್ ಹತ್ತಬೇಕೆಂದರೆ, ಗಾಲಿಕುರ್ಚಿಗೆ ಬೇಕಾದ 1:12 ಇಳಿಜಾರಿನಲ್ಲಿ ಒಂದು ಬದಿಗೇ 78 ಮೀಟರ್ ರ‍್ಯಾಂಪ್. ನಡುವೆ ನಿಲ್ಲುವ ಜಾಗ ಬೇರೆ. ಅಷ್ಟು ಸುತ್ತಿದರೆ ಜನ ಹಳಿಯ ಮೇಲೇ ನುಗ್ಗುತ್ತಾರೆ. ಬರೀ ನಡೆಯುವವರ ಸಬ್‌ವೇಗೆ ಎರಡೂವರೆ ಮೀಟರ್ ಎತ್ತರ, ಮೇಲಿನ ಸ್ಲ್ಯಾಬ್ ಮತ್ತು ಜಲ್ಲಿಗೆ ಒಂದು ಮೀಟರ್. ರ‍್ಯಾಂಪ್ 42 ಮೀಟರ್‌ಗೆ ಮುಗಿಯುತ್ತದೆ. ಕೆಡುವುದು ಮಳೆಗಾಲದಲ್ಲಿ. ರಸ್ತೆಯ ನೀರು ಒಳಗೆ ಹರಿಯದಂತೆ ಬಾಯಿಯಲ್ಲಿ 15 ಸೆಂ.ಮೀ. ದಿಬ್ಬ, ರ‍್ಯಾಂಪ್‌ನ ಬುಡದಲ್ಲಿ ಅಡ್ಡ ಚರಂಡಿ, ಆ ನೀರು ಸೇರುವ ಗುಂಡಿಗೆ ಎರಡು ಪಂಪು. ಒಂದೇ ಪಂಪು ಹಾಕಿದರೆ ಬೇಕಾದ ದಿನವೇ ಅದು ಕೈಕೊಡುತ್ತದೆ.

ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್, ಪಿ.ಬಿ. ರಸ್ತೆಯಂಥ ಅಂಗಡಿ ಸಾಲಿನಲ್ಲಿ 2.5 ಮೀಟರ್ ಅಡ್ಡಿಯಿಲ್ಲದ ಅಗಲ ಬೇಕು. ಕಂಬ, ಟ್ರಾನ್ಸ್‌ಫಾರ್ಮರ್, ಅಲುಗಾಡುವ ಚರಂಡಿ ಚಪ್ಪಡಿ ಇರುವ ಜಾಗವನ್ನು ಕಳೆದೇ ಅಳೆಯಿರಿ. ಮಂಡಕ್ಕಿ-ಮೆಣಸಿನಕಾಯಿ ಗಾಡಿಗಳನ್ನು ಎತ್ತಂಗಡಿ ಮಾಡಬೇಡಿ. ಅಂಚಿಗೆ ಒಂದೂವರೆ ಮೀಟರ್ ಪಟ್ಟಿ ಬಿಡಿ. ರಾತ್ರಿ ರೈಲಿಳಿದು ಒಂಟಿಯಾಗಿ ನಡೆಯುವ ಹೆಣ್ಣುಮಕ್ಕಳಿಗೆ ಆ ಗಾಡಿಯ ದೀಪವೇ ಧೈರ್ಯ.

ಇನ್ನು ಎಫ್‌ಎಆರ್. 30×40 ನಿವೇಶನ 1200 ಚದರಡಿ. ಎಫ್‌ಎಆರ್ 3 ಕೊಟ್ಟರೆ ಕಾಗದದ ಮೇಲೆ 3600 ಚದರಡಿ. ಸುತ್ತ ಜಾಗ ಬಿಟ್ಟು, ಮೆಟ್ಟಿಲು, ಲಿಫ್ಟ್, ಪಾರ್ಕಿಂಗ್ ಕಳೆದರೆ ಅಷ್ಟು ಕಟ್ಟಲಾಗದು. ಅಕ್ಕಪಕ್ಕದ ನಾಲ್ಕೈದು ನಿವೇಶನ ಕೂಡಿಸಿದವರಿಗಷ್ಟೇ ಹೆಚ್ಚಿನ ಎಫ್‌ಎಆರ್ ಎಂಬ ಷರತ್ತು ಹಾಕುವುದು ಲೇಸು. 15 ಮೀಟರ್ ಮುಟ್ಟಿದ ಕಟ್ಟಡ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಹುಮಹಡಿ; ಎದುರಿನ ರಸ್ತೆ 12 ಮೀಟರ್ ಇರಬೇಕು. ಹಳೇಪೇಟೆಯ ಗಲ್ಲಿಗಳಿಗೆ ಇದು ಹೊಂದುವುದಿಲ್ಲ, ಅಲ್ಲಿ ಈಗಿರುವ ಎತ್ತರವೇ ಸಾಕು.

ನೀರನ್ನು ಮರೆತರೆ ಎಲ್ಲವೂ ವ್ಯರ್ಥ. ತಲೆಗೆ ದಿನಕ್ಕೆ 135 ಲೀಟರ್‌ನಂತೆ, ಮನೆಗೆ ನಾಲ್ಕು ಜನರೆಂದರೂ ನೂರು ಮನೆಗೆ 54,000 ಲೀಟರ್. ಊರಿಗೆ ನೀರು ಬರುವುದು ರಾಜನಹಳ್ಳಿಯ ತುಂಗಭದ್ರೆಯಿಂದ, ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆಯಿಂದ. ನಾಲೆ ನಿಂತ ಬೇಸಿಗೆಯ ಲೆಕ್ಕವನ್ನೇ ಹಿಡಿಯಿರಿ. ಹಾಗೆಯೇ ಒಳಚರಂಡಿ ಕೊಳವೆಯ ವ್ಯಾಸವನ್ನೂ ನೋಡಿ, ಆಮೇಲೆ ಮಹಡಿ ಎಣಿಸಿ.

ವಂದೇ ಭಾರತ್ ನಿಂತ ಮಾತ್ರಕ್ಕೆ ಇದು ಲೋಕಲ್ ರೈಲಿನ ಊರಾಗುವುದಿಲ್ಲ. ಹರಿಹರಕ್ಕೋ ಚಿಕ್ಕಜಾಜೂರಿಗೋ ದಿನಾ ಹೋಗಿಬರುವವರಿಗೆ ಬೆಳಿಗ್ಗೆ, ಸಂಜೆ ಅರ್ಧ ಗಂಟೆಗೊಂದು ರೈಲಿಲ್ಲದಿದ್ದರೆ ಅವರು ಬೈಕ್ ಬಿಟ್ಟು ಬರುವುದಿಲ್ಲ. ಅಲ್ಲಿಯವರೆಗೆ ಬಾಗಿಲಿನಿಂದ 100 ಮೀಟರ್ ಒಳಗೆ ಸಿಟಿ ಬಸ್ ನಿಲ್ಲಿಸಿ, ಆಟೊ ಸ್ಟ್ಯಾಂಡನ್ನು ಅದರ ಆಚೆಗಿಡಿ.

ಅರ್ಜಿ ಹಾಕುವಾಗ ಒಂದು ಎಚ್ಚರ: ರೈಲ್ವೆ ಗಡಿಯಿಂದ 30 ಮೀಟರ್ ಒಳಗೆ ಕಟ್ಟುವುದಾದರೆ ರೈಲ್ವೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಈ ದೂರವನ್ನು ಹಳಿಯ ನಡುವಿನಿಂದ ತೋರಿಸಿದ ನಕ್ಷೆ ವಾಪಸ್ ಬರುತ್ತದೆ; ಗಡಿಕಲ್ಲಿನಿಂದ ಅಳೆದು ಬರೆಯಿರಿ.