ಅಜ್ಜನ ಲಿವರ್ ಕೋವಿ: ಖಾಲಿ ಮಾಡುವುದು, ಒರೆಸುವುದು, ಮಳೆಗಾಲ ದಾಟಿಸುವುದು

ನನ್ನ ಹತ್ತಿರ ಇರುವುದು ವಿಂಚೆಸ್ಟರ್ 1892 ಮಾಡೆಲಿನ ಲಿವರ್ ಕೋವಿ. ಅಜ್ಜನ ಕಾಲದ್ದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು, ಲೈಸನ್ಸ್ ಸಮೇತ. ಹೆಬ್ರಿ ಹತ್ತಿರ ನಮ್ಮ ಅಡಿಕೆ ತೋಟ, ತೋಟ ಮುಗಿದ ಕೂಡಲೇ ಕಾಡು. ನಮ್ಮ ಉಡುಪಿ ಕಡೆ ಕೃಷಿಕರ ಮನೆಯಲ್ಲಿ ನೋಡಲು ಸಿಗುವುದು ಹೆಚ್ಚಾಗಿ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ಕೋವಿ. ಮಡಚಿ ನೋಡಿದರೆ ಆಯ್ತು, ತೋಟೆ (ಮದ್ದು ಗುಂಡು ಸೇರಿದ ಕಾಟ್ರಿಜ್) ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಲಿವರ್ ಕೋವಿ ಹಾಗಲ್ಲ. ಇದರ ಬಗ್ಗೆ ತಿಳಿದು ಹೇಳುವವರೂ ಊರಲ್ಲಿ ಕಡಿಮೆ. ಯಾರದ್ದಾದರೂ ಮನೆಯ ಕಪಾಟಿನಲ್ಲಿ ಇಂಥದ್ದೊಂದು ಇದ್ದರೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಬೇಟೆಯ ಕಥೆ ಅಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಬೇಟೆಗೆ ಅವಕಾಶ ಇಲ್ಲ. ಹಂದಿ ತೋಟಕ್ಕೆ ನುಗ್ಗಿ ಹಾಳು ಮಾಡಿದರೂ ಅರಣ್ಯ ಇಲಾಖೆಯ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ಪ್ರಾಣಿ ಓಡಿಸುವುದಕ್ಕೆ ನಾವು ಗರ್ನಾಲು ಹಚ್ಚುತ್ತೇವೆ, ಡಬ್ಬಿ ಬಡಿಯುತ್ತೇವೆ. ಈ ಕೋವಿಯನ್ನು ಅದಕ್ಕೆ ತೆಗೆಯುವುದೇ ಇಲ್ಲ. ಚಿಲ್ಲಿನ ಕೋವಿಯ ಸಣ್ಣ ಚಿಲ್ಲು (ಸೀಸದ ಕಾಳು) ಆಕಾಶಕ್ಕೆ ಹೋದರೆ ಬಲ ಕಳೆದುಕೊಂಡು ಉದುರುತ್ತದೆ. ಇದು ರೈಫಲ್, ಇದರ ಗುಂಡು ಒಂದು ಕಿಲೋಮೀಟರ್ ದಾಟಿ ಹೋಗಿ ಯಾರ ಮನೆಯ ಮಾಡಿನ ಮೇಲೆ ಬೀಳುತ್ತದೋ ಯಾರಿಗೆ ಗೊತ್ತು? ಹಾಗಾಗಿ ಇದರಿಂದ ಗುಂಡು ಹಾರುವುದು ತೀರಾ ಅಪರೂಪ. ವರ್ಷವಿಡೀ ಇರುವ ಕೆಲಸ ಅಂದರೆ ನೋಡಿಕೊಳ್ಳುವುದು. ಮತ್ತೆ ಪ್ರತಿ ಸಲ ಕೈಗೆ ತೆಗೆದುಕೊಂಡಾಗಲೂ ಅದು ಖಾಲಿ ಇದೆಯಾ ಅಂತ ನೋಡುವುದು.

ಇದು ಕೆಲಸ ಮಾಡುವ ರೀತಿ ಸ್ವಲ್ಪ ಹೇಳುತ್ತೇನೆ, ಮುಂದಿನದು ಅರ್ಥ ಆಗುವುದಕ್ಕೆ. ನಳಿಗೆಯ ಅಡಿಯಲ್ಲಿ ಇನ್ನೊಂದು ಸಪೂರ ಕೊಳವೆ ಇದೆ, ಅದೇ ಮ್ಯಾಗಜಿನ್. ಬಲ ಬದಿಯ ಸಣ್ಣ ಬಾಗಿಲಿನಿಂದ ತೋಟೆಗಳನ್ನು ಒಂದೊಂದಾಗಿ ಒಳಗೆ ದೂಡಬೇಕು, ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಟ್ರಿಗರಿನ ಹತ್ತಿರ ಅಡಿಯಲ್ಲಿರುವ ಬಳೆಯಂಥ ಹಿಡಿಕೆಯೇ ಲಿವರ್. ಅದನ್ನು ಕೆಳಗೆ ಎಳೆದರೆ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಕಬ್ಬಿಣದ ತುಂಡು) ಹಿಂದೆ ಬರುತ್ತದೆ, ಖಾಲಿ ತೋಟೆ ಮೇಲಿನಿಂದ ಹಾರುತ್ತದೆ, ಕುದುರೆ (ಗುಂಡು ಹಾರಿಸಲು ಪೆಟ್ಟು ಕೊಡುವ ಸುತ್ತಿಗೆ) ಹಿಂದಕ್ಕೆ ಮಲಗುತ್ತದೆ, ಹೊಸ ತೋಟೆ ಮೇಲೇಳುತ್ತದೆ. ಲಿವರ್ ಮುಚ್ಚಿದರೆ ಆ ತೋಟೆ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ಹೋಗಿ ಕೂರುತ್ತದೆ. ಅಲ್ಲಿಗೆ ಕೋವಿ ಹೊಡೆಯಲು ತಯಾರು. ನನ್ನ ಕೋವಿಯಲ್ಲಿ ಬೇರೆ ಸೇಫ್ಟಿ ಬಟನ್ ಏನೂ ಇಲ್ಲ. ಕುದುರೆ ಸಿಕ್ಕಿ ನಿಲ್ಲಲು ಅರ್ಧ ದಾರಿಯಲ್ಲಿ ಒಂದು ಕಚ್ಚು ಇದೆ, ಅಷ್ಟೆ.

ತೋಟೆಗಳು ಕೊಳವೆಯಲ್ಲಿ ಸಾಲಾಗಿ ಇರುವುದರಿಂದ ಒಂದರ ಮೂತಿ ಮುಂದಿನದರ ಹಿಂಬದಿಯ ಕ್ಯಾಪಿಗೇ (ಪೆಟ್ಟು ಬಿದ್ದರೆ ಮದ್ದು ಹೊತ್ತಿಸುವ ಭಾಗಕ್ಕೇ) ತಾಗಿಕೊಂಡಿರುತ್ತದೆ. ಅದಕ್ಕೇ ಇಂಥ ಕೋವಿಯ ಗುಂಡುಗಳ ಮೂತಿ ಚಪ್ಪಟೆ. ಚೂಪು ಮೂತಿಯ ಗಟ್ಟಿ ಗುಂಡು ಹಾಕಿದರೆ ಜರ್ಕು ಹೊಡೆದಾಗ ಮುಂದಿನ ತೋಟೆ ಕೊಳವೆಯ ಒಳಗೇ ಸಿಡಿಯಬಹುದು, ಎಡಗೈ ಇರುವುದು ಅಲ್ಲೇ. ನನ್ನ ನಳಿಗೆಯ ಮೇಲೆ 44 ಡಬ್ಲ್ಯುಸಿಎಫ್ ಅಂತ ಇದೆ. 44-40 ತೋಟೆ ಅಂದರೂ ಅದೇ. ನಳಿಗೆಯ ಮೇಲೆ ಬರೆದದ್ದು ಬಿಟ್ಟು ಬೇರೆ ಯಾವ ತೋಟೆಯನ್ನೂ, ಅಳತೆ ಹತ್ತಿರ ಕಂಡರೂ, ಹಾಕಬಾರದು. ಅಜ್ಜನ ಕಾಲದ ಹಸಿರು ಕಿಲುಬು ಹಿಡಿದ ತೋಟೆಗಳು ಡಬ್ಬಿಯಲ್ಲಿ ಸಿಕ್ಕಿದರೆ ಲೈಸನ್ಸ್ ಇರುವ ಅಂಗಡಿಯವರ ಹತ್ತಿರ ತೋರಿಸಿ, ಹೊಡೆದು ನೋಡಲು ಹೋಗಬೇಡಿ.

ಈಗ ಮುಖ್ಯ ವಿಷಯ. ಈ ಕೋವಿಯಲ್ಲಿ ಅತಿ ಅಪಾಯದ ಹೊತ್ತು ಅಂದರೆ ಖಾಲಿ ಮಾಡುವ ಹೊತ್ತು. ಮ್ಯಾಗಜಿನ್ ಬಿಚ್ಚಿ ಬದಿಗಿಡುವ ಹಾಗಿಲ್ಲ. ಪ್ರತಿ ತೋಟೆಯೂ ಚೇಂಬರಿನ ದಾರಿಯಾಗಿಯೇ ಹೊರಗೆ ಬರಬೇಕು. ಅಂದರೆ ಖಾಲಿ ಮಾಡುವಾಗ ಕೋವಿ ಮತ್ತೆ ಮತ್ತೆ ಲೋಡ್ ಆಗುತ್ತಲೇ ಇರುತ್ತದೆ, ಕುದುರೆ ಪ್ರತಿ ಸಲ ಹಿಂದೆ ಮಲಗಿರುತ್ತದೆ, ಟ್ರಿಗರ್ ಇರುವುದು ನಮ್ಮ ಕೈ ಆಡುವ ಲಿವರಿನ ಪಕ್ಕದಲ್ಲೇ. ಮೂರು ಬೆರಳು ಮಾತ್ರ ಲಿವರಿನ ಬಳೆಯೊಳಗೆ. ತೋರುಬೆರಳು ಹೊರಗೆ, ಕಬ್ಬಿಣದ ಬದಿಗೆ ನೀಟವಾಗಿ ಒತ್ತಿಕೊಂಡಿರಬೇಕು. ಮೊದಮೊದಲು ಬೆರಳು ತಾನಾಗಿ ಒಳಗೆ ಹೋಗುತ್ತದೆ, ಖಾಲಿ ಕೋವಿಯಲ್ಲಿ ಅಭ್ಯಾಸ ಮಾಡಿ ಮಾಡಿ ಅದನ್ನು ಹೊರಗಿಡಲು ಕಲಿಸಬೇಕು.

ಕೋವಿಯ ಮೂತಿ ಎಲ್ಲಿ ಇರಬೇಕು ಅನ್ನುವುದಕ್ಕೆ ನನ್ನದೊಂದು ವ್ಯವಸ್ಥೆ ಇದೆ. ನಮ್ಮಲ್ಲಿ ಅಂಗಳದಿಂದ ಹಿಡಿದು ಗೋಡೆಯವರೆಗೆ ಎಲ್ಲ ಮುರಕಲ್ಲು. ಅಕಸ್ಮಾತ್ ಗುಂಡು ಹಾರಿದರೆ ಕಲ್ಲಿಗೆ ಬಡಿದು ಎತ್ತ ಹೋಗುತ್ತದೆ ಅಂತ ಹೇಳಲಾಗದು. ಹಾಗಾಗಿ ಕೊಟ್ಟಿಗೆಯ ಹಿಂದೆ ಒಂದು ಹಳೆ ಡ್ರಮ್ಮಿಗೆ ಕಂಠಪೂರ್ತಿ ಮರಳು ತುಂಬಿಸಿ ಇಟ್ಟಿದ್ದೇನೆ. ಖಾಲಿ ಮಾಡುವುದು ಆ ಮರಳಿಗೆ ಮೂತಿ ತೋರಿಸಿಯೇ. ಮರಳಿನೊಳಗೆ ಮೂತಿ ಚುಚ್ಚಬಾರದು, ಒಂದು ಗೇಣು ಮೇಲೆ ಇರಬೇಕು. ಆ ಹೊತ್ತಿಗೆ ಮಕ್ಕಳು, ನಾಯಿ, ಮಾತಾಡಿಸಲು ಬಂದವರು ಯಾರೂ ಹತ್ತಿರ ಇರಬಾರದು. ಫೋನು ಮನೆಯೊಳಗೆ.

ಲಿವರನ್ನು ಪೂರ್ತಿ ಎಳೆದು ಪೂರ್ತಿ ಮುಚ್ಚಬೇಕು. ಹೆದರಿ ಹೆದರಿ ಅರ್ಧಕ್ಕೆ ಎಳೆದರೆ ತೋಟೆ ಅಡ್ಡ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಬಿಡಿಸುವುದು ಇನ್ನೂ ರಗಳೆ. ಬಿದ್ದ ತೋಟೆಗಳನ್ನು ಎಣಿಸಿ. ಎಷ್ಟು ಹಾಕಿದ್ದೆನೋ ಅಷ್ಟು ಬಂತಾ? ಬಂದರೂ ಇನ್ನೆರಡು ಸಲ ಲಿವರ್ ಎಳೆಯಿರಿ. ಹಳೇ ಕೋವಿಗಳಲ್ಲಿ ಕೊಳವೆ ಎಲ್ಲಾದರೂ ತಗ್ಗಿದ್ದರೆ, ಒಳಗೆ ತುಕ್ಕು ಇದ್ದರೆ, ಒಂದು ತೋಟೆ ದಾರಿಯಲ್ಲೇ ಸಿಕ್ಕಿ ನಿಲ್ಲುತ್ತದೆ. ಕೋವಿ ಖಾಲಿ ಅಂತ ಕಾಣುತ್ತದೆ. ಆಮೇಲೆ ಯಾವಾಗಲೋ ಗೋಡೆಗೆ ಒರಗಿಸುವಾಗ ಕುಲುಕಿ ಸಡಿಲಾಗುತ್ತದೆ, ಮುಂದೆ ಲಿವರ್ ಎಳೆದವನ ಚೇಂಬರಿಗೆ ಹೋಗಿ ಕೂರುತ್ತದೆ. ಕೊನೆಗೆ ಲಿವರ್ ತೆರೆದಿಟ್ಟು ಬೆಳಕಿಗೆ ಹಿಡಿದು ನೋಡಬೇಕು, ಮೇಲಿನಿಂದ ಕಿರುಬೆರಳು ಹಾಕಿ ಚೇಂಬರಿನ ಬಾಯಿ ಮುಟ್ಟಬೇಕು. ಬದಿಯ ಬಾಗಿಲು ಒತ್ತಿದರೆ ತೋಟೆ ದೂಡುವ ಸ್ಪ್ರಿಂಗಿನ ತುದಿಯ ಮುಚ್ಚಳ ಕಾಣಬೇಕು, ತೋಟೆಯ ಹಿತ್ತಾಳೆ ಕಾಣಬಾರದು.

ನಮ್ಮ ದೊಡ್ಡಪ್ಪ ಒಬ್ಬರಿದ್ದಾರೆ, ಬಂದಾಗೆಲ್ಲ ಕೋವಿ ಕೈಗೆ ತೆಗೆದುಕೊಳ್ಳದೆ ಇರುವವರಲ್ಲ. "ಖಾಲಿ ಉಂಟು ಮಾರಾಯ, ನೀನೇ ಈಗ ನೋಡಿದ್ದಲ್ವಾ?" ಅನ್ನುತ್ತಾರೆ. "ನಾನು ನೋಡಿದ್ದು ನನಗೆ ದೊಡ್ಡಪ್ಪ, ನೀವು ನಿಮ್ಮದು ನೋಡಿ" ಅಂತ ಲಿವರ್ ತೆರೆದೇ ಕೊಡುತ್ತೇನೆ. ಅವರೂ ಈಗ ನೋಡಿಯೇ ತೆಗೆದುಕೊಳ್ಳುತ್ತಾರೆ. ದೊಡ್ಡವರಿಗೆ ಹೇಳುವುದು ಹೇಗೆ ಅಂತ ಸಂಕೋಚ ಮಾಡುವ ಜಾಗ ಇದಲ್ಲ.

ತೋಟಕ್ಕೆ ಒಯ್ಯುವುದಿದ್ದರೆ ಚೇಂಬರ್ ಖಾಲಿ ಇಟ್ಟೇ ಒಯ್ಯುತ್ತೇನೆ. ಚೇಂಬರಿನಲ್ಲಿ ತೋಟೆ ಇಟ್ಟು ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ಮೆಲ್ಲ ಇಳಿಸುವುದನ್ನು ಕೆಲವರು ಜಾಣತನ ಅಂತ ತಿಳಿಯುತ್ತಾರೆ. ನಮ್ಮ ಊರಿನ ಸೆಕೆಯಲ್ಲಿ, ಬೆವರಿದ ಕೈಯಲ್ಲಿ, ಅಥವಾ ಮಳೆಯಲ್ಲಿ ಹೆಬ್ಬೆರಳು ಜಾರುವುದಕ್ಕೆ ಎಷ್ಟು ಹೊತ್ತು? ಪೂರ್ತಿ ಇಳಿದ ಕುದುರೆ ಕ್ಯಾಪಿಗೆ ಹೊಡೆಯುವ ಪಿನ್ನಿಗೆ ತಾಗಿ ಕೂತಿರುತ್ತದೆ, ಕೋವಿ ಕೆಳಗೆ ಬಿದ್ದು ಕುದುರೆಗೆ ಪೆಟ್ಟಾದರೆ ಗುಂಡು ಹಾರುತ್ತದೆ. ಅರ್ಧ ಕಚ್ಚು ಸವೆದಿದ್ದರೆ ಅದೂ ನಂಬಿಕೆಗೆ ಅರ್ಹ ಅಲ್ಲ. ಅಡಿಕೆ ತೋಟದಲ್ಲಿ ಕಣಿ (ನೀರಿನ ಕಾಲುವೆ) ದಾಟಬೇಕು, ಪಾಚಿ ಕಟ್ಟಿದ ಸಂಕದ (ಕಾಲುಸೇತುವೆಯ) ಮೇಲೆ ನಡೆಯಬೇಕು. ಜಾರುವ ಜಾಗ ಒಂದೆರಡಲ್ಲ.

ತೋಟೆ ಹಾಕುವ ಮುಂಚೆ ನಳಿಗೆಯೊಳಗೆ ನೋಡುವುದು ನಮ್ಮ ಕಡೆ ಬಹಳ ಮುಖ್ಯ. ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಎಲ್ಲ ಮನೆಯಲ್ಲೂ ಇದೆ. ಸ್ವಿಚ್ ಬೋರ್ಡಿನ ತೂತು, ಬಾಗಿಲ ಚಿಲಕದ ತೂತು, ಎಲ್ಲಿ ಬೇಕಾದರೂ ಕಟ್ಟುತ್ತದೆ. ಕೋವಿಯ ಮೂತಿ ಅದಕ್ಕೆ ಇನ್ನೊಂದು ತೂತು, ಅಷ್ಟೆ. ಆ ಮಣ್ಣು ಒಣಗಿದರೆ ಗಟ್ಟಿ ಬಿರಡೆ. ಅದರ ಮೇಲೆ ಗುಂಡು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ನನ್ನ ಮಾಡೆಲಿನಲ್ಲಿ ಬೋಲ್ಟನ್ನು ಸುಲಭವಾಗಿ ಹೊರಗೆ ತೆಗೆಯಲಾಗದು, ಹಿಂದಿನಿಂದ ನೇರ ನೋಡುವ ಹಾಗಿಲ್ಲ. ಖಾಲಿ ಅಂತ ಕಣ್ಣು ಬೆರಳು ಎರಡರಲ್ಲೂ ಖಾತ್ರಿ ಮಾಡಿಕೊಂಡ ಮೇಲೆ, ಲಿವರ್ ತೆರೆದು ಚೇಂಬರಿನ ಹಿಂದೆ ಒಂದು ತುಂಡು ಬಿಳಿ ಕಾಗದ ಇಟ್ಟು ಅದಕ್ಕೆ ಟಾರ್ಚು ಬಿಡುತ್ತೇನೆ. ಆಗ ಮೂತಿಯಿಂದ ನೋಡಿದರೆ ನಳಿಗೆ ಪೂರ್ತಿ ಬೆಳಗುತ್ತದೆ, ಗುಂಡನ್ನು ತಿರುಗಿಸುವ ಒಳಗಿನ ಗೀರುಗಳು ತಿರುಚಿಕೊಂಡು ಹೋಗುವುದು ಸ್ಪಷ್ಟ ಕಾಣುತ್ತದೆ. ತುಕ್ಕಿನ ಚುಕ್ಕಿ ಇದ್ದರೆ ಕಪ್ಪಗೆ ಎದ್ದು ಕಾಣುತ್ತದೆ.

ಟ್ರಿಗರ್ ಎಳೆದೂ ಹಾರದಿದ್ದರೆ ಕೂಡಲೇ ಲಿವರ್ ತೆರೆಯಬೇಡಿ. ಮೂತಿ ಅಲುಗಾಡಿಸದೆ ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಶಬ್ದ ಟುಸ್ ಅಂತ ಸಣ್ಣಗೆ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಆಗ ಕೋವಿ ಖಾಲಿ ಮಾಡಿ ನಳಿಗೆ ನೋಡದೆ ಇನ್ನೊಂದು ಹೊಡೆಯಲೇಬಾರದು.

ಇನ್ನು ತುಕ್ಕು. ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರ್ ಒಳಗೇ. ಚಪ್ಪಲಿಗೆ ಬೂಸ್ಟು ಬರುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು. ಮಲ್ಪೆ, ಕಾಪು ಕಡೆ ಸಮುದ್ರದ ಹತ್ತಿರ ಇರುವವರಿಗೆ ಉಪ್ಪು ಗಾಳಿ ಬೇರೆ. ಕಬ್ಬಿಣದ ಮೇಲೆ ಕೈ ಇಟ್ಟು ಒರೆಸದೆ ಬಿಟ್ಟರೆ ಕೆಲವೇ ದಿನದಲ್ಲಿ ಬೆರಳಿನ ಗುರುತು ಕೆಂಪಾಗಿ ಮೂಡುತ್ತದೆ, ಗೆರೆಗೆರೆಯಾಗಿ. ಹಾಗಾಗಿ ಮುಟ್ಟಿದ ಮೇಲೆ ಎಣ್ಣೆ ಬಟ್ಟೆಯಲ್ಲಿ ಒಂದು ಸಲ ಒರೆಸದೆ ಒಳಗಿಡುವುದಿಲ್ಲ. ಅಪ್ಪನ ಹಳೇ ಪಂಚೆಯ ತುಂಡು ಇದಕ್ಕೆ ತುಂಬ ಒಳ್ಳೆಯದು, ನೂಲು ಬಿಡುವುದಿಲ್ಲ.

ಎಣ್ಣೆ ಯಾವುದು ಅಂದರೆ, ಹೊಲಿಗೆ ಮಿಷನಿನ ಎಣ್ಣೆಯಂಥ ತೆಳು ಎಣ್ಣೆ, ಅದೂ ಸ್ವಲ್ಪವೇ. ತೆಂಗಿನ ಎಣ್ಣೆ ಬೇಡ. ಕೈಗೆ ಸಿಗುತ್ತದೆ ಅಂತ ನಮ್ಮಲ್ಲಿ ಬಹಳ ಮಂದಿ ಹಚ್ಚುತ್ತಾರೆ. ಅದು ಬರಬರುತ್ತಾ ಅಂಟಾಗುತ್ತದೆ, ಹೆಬ್ರಿಯ ಡಿಸೆಂಬರ್ ಚಳಿಗೆ ಹೆಪ್ಪುಗಟ್ಟುತ್ತದೆ, ಕುದುರೆ ಮತ್ತು ಬೋಲ್ಟ್ ನಿಧಾನ ಆಗುತ್ತವೆ. ಚಿಮಿಣಿ ಎಣ್ಣೆ ಕೊಳೆ ತೆಗೆಯಲು ಸರಿ, ಆದರೆ ಅದು ಆರಿದ ಮೇಲೆ ಕಬ್ಬಿಣಕ್ಕೆ ರಕ್ಷಣೆ ಉಳಿಯುವುದಿಲ್ಲ. ಡಬ್ಲ್ಯುಡಿ-40 ನೀರು ಓಡಿಸಲು ಒಳ್ಳೆಯದು, ಮಳೆಗಾಲ ಪೂರ್ತಿಗೆ ಅದನ್ನೇ ನಂಬುವುದು ಬೇಡ.

ಗುಂಡು ಹೊಡೆದ ದಿನವೇ ನಳಿಗೆ ತೊಳೆಯಬೇಕು. ಕರಿಮದ್ದಿನ ತೋಟೆ, ಹಳೇ ರೀತಿಯ ಕ್ಯಾಪಿನ ತೋಟೆ ಆದರೆ ಒಳಗೆ ಉಪ್ಪಿನಂಥ ಪುಡಿ ಉಳಿಯುತ್ತದೆ, ಅದು ಗಾಳಿಯ ನೀರನ್ನು ಎಳೆಯುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಾಗಾಗಿ ಮೊದಲು ಬಿಸಿ ನೀರಲ್ಲಿ ಅದ್ದಿದ ಬಟ್ಟೆ, ಆಮೇಲೆ ಒಣ ಬಟ್ಟೆ, ಬಟ್ಟೆ ಬೆಳ್ಳಗೆ ಬರುವವರೆಗೆ. ಕೊನೆಗೆ ಎಣ್ಣೆ. ಮೂತಿಯಿಂದ ಸಲಾಕೆ ತುರುಕಿದರೆ ಮೂತಿಯ ಅಂಚು ಸವೆಯುತ್ತದೆ, ಅಂಚು ಸವೆದರೆ ಗುರಿ ಹೋಯ್ತು. ನಾನು ಬಳಸುವುದು ಗಟ್ಟಿ ನೈಲಾನ್ ಹಗ್ಗ, ಒಂದು ತುದಿಗೆ ಸಣ್ಣ ಹಿತ್ತಾಳೆ ತುಂಡು. ಹಿಂದಿನಿಂದ ಇಳಿಬಿಟ್ಟು ಮೂತಿಯಿಂದ ಎಳೆಯುವುದು. ಕೊಳೆಯೂ ಹೊರಗೇ ಹೋಗುತ್ತದೆ, ಯಂತ್ರದೊಳಗೆ ಬೀಳುವುದಿಲ್ಲ. ಮ್ಯಾಗಜಿನ್ ಕೊಳವೆಯ ಮುಂದಿನ ಮುಚ್ಚಳವನ್ನು ವರ್ಷಕ್ಕೊಮ್ಮೆ ತೆಗೆದು ಸ್ಪ್ರಿಂಗ್ ಒರೆಸುತ್ತೇನೆ, ಮುಖ ಬದಿಗಿಟ್ಟು ತೆಗೆಯಿರಿ, ಸ್ಪ್ರಿಂಗ್ ಜೋರಾಗಿ ಹಾರುತ್ತದೆ. ಅದಕ್ಕಿಂತ ಒಳಗೆ ನಾನು ಕೈ ಹಾಕುವುದಿಲ್ಲ. ಅದು ಲೈಸನ್ಸ್ ಇರುವ ರಿಪೇರಿಯವರ ಕೆಲಸ.

ಮರದ ಹಿಡಿಗೆ ಅಗಸೆ ಎಣ್ಣೆ, ಅಂಗೈಯಲ್ಲಿ ತಿಕ್ಕಿ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಒಣಗಿಸಿ.

ಇಡುವುದು ಬೀಗ ಹಾಕಿದ ಸ್ಟೀಲ್ ಕಪಾಟಿನಲ್ಲಿ, ಕವರಿನಿಂದ ಹೊರಗೆ. ಚರ್ಮದ ಅಥವಾ ಬಟ್ಟೆಯ ಕವರ್ ನೀರು ಹೀರಿಕೊಂಡು ಕಬ್ಬಿಣಕ್ಕೆ ಅಂಟಿಸಿಕೊಂಡು ಕೂರುತ್ತದೆ. ಒಳಗೆ ಹಳೇ ತರದ ಝೀರೋ ಬಲ್ಬು ಉರಿಯುತ್ತಿರುತ್ತದೆ, ಎಲ್‌ಇಡಿ ಬಲ್ಬಿಗೆ ಬಿಸಿ ಸಾಲದು. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಬೇಕು. ತೋಟೆಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಆಯುಧ ಪೂಜೆಗೆ ಹೊರಗೆ ತೆಗೆದು ಗಂಧ ಕುಂಕುಮ ಇಡುವುದು ನಮ್ಮ ಮನೆಯಲ್ಲೂ ಇದೆ. ಹಚ್ಚುವುದು ಮರದ ಹಿಡಿಗೆ. ಕಬ್ಬಿಣಕ್ಕೆ ತಾಗಿದರೆ ಅದೇ ದಿನ ಒರೆಸಬೇಕು, ಒದ್ದೆ ಕುಂಕುಮ ಇದ್ದಲ್ಲೇ ತುಕ್ಕು ತರುತ್ತದೆ.

ಕೊನೆಯದಾಗಿ ಚುನಾವಣೆ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮಲ್ಲಿ ಏಪ್ರಿಲ್ 26ಕ್ಕೆ ಮತದಾನ, ಎಣಿಕೆ ಜೂನ್ 4ಕ್ಕೆ. ಚುನಾವಣೆ ಮುಗಿಯುವವರೆಗೆ ಕೋವಿ ಠೇವಣಿ ಇಡಲು ಹೇಳಿದರೆ ಕೊಟ್ಟ ಕೋವಿ ಕೈಗೆ ವಾಪಸ್ ಬರುವಾಗ ಮಳೆ ಶುರುವಾಗಿರುತ್ತದೆ. ಇಡುವ ಕೋಣೆ ಒಣಗಿರುತ್ತದೆ ಅಂತ ಏನೂ ಇಲ್ಲ, ಸಾಲಾಗಿ ಒಂದಕ್ಕೊಂದು ಒರಗಿಸಿ ಇಟ್ಟಿರುತ್ತಾರೆ. ನನ್ನ ಕೋವಿ ಒಮ್ಮೆ ಮರದ ಹಿಡಿಯ ಹಿಂತುದಿಯ ಕಬ್ಬಿಣದಲ್ಲಿ ಕೆಂಪು ಹಿಡಿದೇ ಬಂದಿತ್ತು. ಆಮೇಲಿಂದ ಕೊಡುವ ಮುಂಚಿನ ದಿನ ನಳಿಗೆಯ ಒಳಗೆ ಹೊರಗೆ ತೆಳುವಾಗಿ ಗ್ರೀಸ್ ಹಚ್ಚುತ್ತೇನೆ, ನಾಲ್ಕೂ ಬದಿಯ ಫೋಟೋ ತೆಗೆಯುತ್ತೇನೆ, ನಂಬರ್ ಬರೆದ ರಸೀದಿ ತೆಗೆದುಕೊಳ್ಳದೆ ಅಲ್ಲಿಂದ ಏಳುವುದಿಲ್ಲ. ವಾಪಸ್ ತಂದ ದಿನ ಮೊದಲ ಕೆಲಸ ಮರಳಿನ ಡ್ರಮ್ಮಿನ ಹತ್ತಿರ ಲಿವರ್ ತೆರೆದು ನೋಡುವುದು, ಎರಡನೆಯದು ಬಿಳಿ ಕಾಗದ ಇಟ್ಟು ನಳಿಗೆ ನೋಡುವುದು, ಆಮೇಲೆ ಆ ಗ್ರೀಸನ್ನು ಪೂರ್ತಿ ಒರೆಸಿ ತೆಗೆಯುವುದು. ನಳಿಗೆಯಲ್ಲಿ ದಪ್ಪ ಗ್ರೀಸ್ ಉಳಿದಿದ್ದರೆ ಅದೂ ಗುಂಡಿಗೆ ಅಡ್ಡವೇ.