ಕರೆಂಟ್ ಹೋದರೂ ಹಾಡು ನಿಲ್ಲದಿರಲಿ: ಸ್ಟೀರಿಯೋಗೆ 12 ವೋಲ್ಟ್ ಬ್ಯಾಟರಿ

ಮನೆಯ ಆಂಪ್ಲಿಫೈಯರನ್ನು ಬ್ಯಾಟರಿಯಲ್ಲಿ ಓಡಿಸಬೇಕು ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಯುಪಿಎಸ್. ಆದರೆ ಅದು 12 ವೋಲ್ಟ್ ಡಿ.ಸಿ.ಯನ್ನು 230 ವೋಲ್ಟ್ ಎ.ಸಿ. ಮಾಡುತ್ತದೆ, ಅಡಾಪ್ಟರ್ ಅದನ್ನು ಮತ್ತೆ ಡಿ.ಸಿ.ಗೆ ಇಳಿಸುತ್ತದೆ, ಎರಡೂ ಕಡೆ ಒಂದಷ್ಟು ಕರೆಂಟ್ ಸುಮ್ನೆ ಬಿಸಿಯಾಗಿ ಪೋಲಾಗುತ್ತದೆ. ಯುಪಿಎಸ್ ಒರಟು ಎ.ಸಿ. ಕೊಡುವ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಹಳೇ ಆಂಪ್ ಗುಂಯ್ ಅನ್ನುವುದೂ ಉಂಟು. ನೇರವಾಗಿ 12 ವೋಲ್ಟಿನಲ್ಲೇ ಓಡುವ ಆಂಪ್ ತಗೊಳ್ಳಿ.

ಟಿಪಿಎ3116 ಚಿಪ್ಪಿನ, ಕರೆಂಟ್ ಕಮ್ಮಿ ಪೋಲು ಮಾಡುವ ಕ್ಲಾಸ್ ಡಿ ಆಂಪ್ ಬೋರ್ಡ್ ಇದಕ್ಕೆ ಹೇಳಿ ಮಾಡಿಸಿದ್ದು. ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಕಡೆ, ಇಲ್ಲವೇ ಆನ್‌ಲೈನಿನಲ್ಲಿ ಹುಡುಕಿ. 50+50 ವ್ಯಾಟ್ ಎಂದು ಬರೆದಿದ್ದರೆ ಅದು 21 ವೋಲ್ಟು, 4 ಓಮಿನ ಸ್ಪೀಕರಿನ ಲೆಕ್ಕ. 12 ವೋಲ್ಟಿನಲ್ಲಿ 8 ಓಮ್ ಸ್ಪೀಕರಿಗೆ ಸಿಗುವುದು ಒಂದೊಂದು ಕಡೆ 8 ವ್ಯಾಟ್ ಆಸುಪಾಸು. ಸಾಕಾಗುತ್ತಾ? ಸ್ಪೀಕರ್ ಸರಿಯಾಗಿದ್ದರೆ ಹಾಲ್ ತುಂಬಾ ಕೇಳುತ್ತದೆ. ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟಿಗೆ ಎಷ್ಟು ಜೋರಾಗಿ ಹಾಡುತ್ತದೆ ಅನ್ನುವ ಅಳತೆ ನೋಡಿ: 84 ಡಿ.ಬಿ.ಯ ಸ್ಪೀಕರ್ 90 ಡಿ.ಬಿ.ಯದರಷ್ಟೇ ಜೋರಾಗಿ ಹಾಡಬೇಕಾದರೆ ನಾಲ್ಕು ಪಟ್ಟು ವ್ಯಾಟ್ ಬೇಕು. ಹಾಗಾಗಿ ದುಡ್ಡು ಹಾಕುವುದಿದ್ದರೆ ಆಂಪಿಗಿಂತ ಮೊದಲು ಸ್ಪೀಕರಿಗೆ ಹಾಕಿ.

ಬ್ಯಾಟರಿ ಲೆಕ್ಕ ಸುಲಭ. ಮನೆಯಲ್ಲಿ ಹದವಾಗಿ ಕೇಳುವಾಗ ಆಂಪ್ ಸರಾಸರಿ ಅರ್ಧ ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. 12 ವೋಲ್ಟ್, 7 ಎ.ಎಚ್. (ಆಂಪಿಯರ್ ಅವರ್) ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡದಿದ್ದರೆ ಬಾಳಿಕೆ ಚೆನ್ನಾಗಿರುತ್ತದೆ, ಅಂದರೆ 3.5 ಎ.ಎಚ್., ಸುಮಾರು 7 ಗಂಟೆ. ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್ ಹಗುರ, 12.8 ವೋಲ್ಟ್, ಹೆಚ್ಚೂಕಡಿಮೆ ಪೂರ್ತಿ ಬಳಸಬಹುದು, ಆದರೆ ಒಳಗೆ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ಇರಲೇಬೇಕು.

ವೈರಿಂಗಿನಲ್ಲಿ ಅವಸರ ಬೇಡ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೇ ಬೈಕಿಗೆ ಹಾಕುವಂಥ 5 ಆಂಪಿಯರ್ ಬ್ಲೇಡ್ ಫ್ಯೂಸ್ ಹಾಕಿ, ಆಮೇಲೆ ಸ್ವಿಚ್, ಆಮೇಲೆ ಆಂಪ್. ಚಿಕ್ಕ ಬ್ಯಾಟರಿ ಅಂತ ಅಸಡ್ಡೆ ಬೇಡ, ಶಾರ್ಟ್ ಆದರೆ ಸಣ್ಣ ವೈರನ್ನು ಕೆಂಪಗೆ ಕಾಯಿಸಿ ಬೆಂಕಿ ಹಚ್ಚುವಷ್ಟು ಕರೆಂಟ್ ಅದರಲ್ಲಿದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಬೋರ್ಡ್ ಸುಟ್ಟು ಹೋಗಬಹುದು, ಕೂಡಿಸುವ ಮುನ್ನ ಮೀಟರ್ ಇಟ್ಟು ನೋಡಿ. ಈ ಬೋರ್ಡುಗಳಲ್ಲಿ ಸ್ಪೀಕರ್ ಮೈನಸ್ ಅಂದರೆ ಗ್ರೌಂಡ್ (ಬ್ಯಾಟರಿಯ ಮೈನಸ್) ಅಲ್ಲ. ಎಡ ಬಲದ ಮೈನಸ್ ವೈರ್‌ಗಳನ್ನು ಒಂದಕ್ಕೊಂದು ಸೇರಿಸಲೇಬೇಡಿ.

ಜನ ತಲೆ ಕೆಡಿಸಿಕೊಳ್ಳುವುದು ಇನ್ನೊಂದು ಕಡೆ. ಎಲ್ಲ ಸರಿಯಾಗಿ ಕೂಡಿಸಿರುತ್ತಾರೆ, ಫೋನಿನಿಂದ ಆಂಪಿಗೆ ಆಕ್ಸ್ ವೈರ್ ಹಾಕಿ, ಅದೇ ಬ್ಯಾಟರಿಯಿಂದ ಯುಎಸ್‌ಬಿ ಚಾರ್ಜರಿನಲ್ಲಿ ಫೋನನ್ನೂ ಚಾರ್ಜಿಗಿಡುತ್ತಾರೆ, ತಕ್ಷಣ ಸ್ಪೀಕರಿನಲ್ಲಿ ಕುಯ್ಯೋ ಅಂತ ಸದ್ದು. ಕೆಟ್ಟದ್ದು ಬೋರ್ಡಲ್ಲ. ಫೋನಿನ ಗ್ರೌಂಡ್ ಆಕ್ಸ್ ವೈರ್, ಚಾರ್ಜರ್ ವೈರ್ ಎಂಬ ಎರಡು ದಾರಿಯಲ್ಲಿ ಆಂಪಿಗೆ ಸೇರಿಕೊಂಡು, ಚಾರ್ಜರಿನ ಗಲಾಟೆ ಆಕ್ಸ್ ವೈರಿನೊಳಗೇ ಹರಿಯುತ್ತದೆ. ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಕಾರಣ ಇದೇ. ಆಕ್ಸ್ ದಾರಿಯಲ್ಲಿ ಗ್ರೌಂಡ್ ಲೂಪ್ ಐಸೋಲೇಟರ್ (ಗ್ರೌಂಡ್ ಕಡಿದು ಹಾಡನ್ನಷ್ಟೇ ಬಿಡುವ ಚಿಕ್ಕ ಸಾಧನ) ಹಾಕಿ, ಇಲ್ಲವೇ ಫೋನಿಗೆ ಬೇರೆ ಪವರ್ ಬ್ಯಾಂಕ್ ಕೊಡಿ.

ಚಾರ್ಜ್ ಮಾಡಲು ಆಯಾ ಬ್ಯಾಟರಿಯದೇ ಚಾರ್ಜರ್ ಬೇಕು: ನಾಲ್ಕು ಸೆಲ್ಲಿನ ಲಿಥಿಯಂಗೆ 14.6 ವೋಲ್ಟಿನದು, ಲೆಡ್ ಆಸಿಡ್ಡಿಗೆ ಅದರದ್ದೇ. ಲೆಡ್ ಆಸಿಡ್ಡನ್ನು ಮುಚ್ಚಿದ ಕಬೋರ್ಡಿನಲ್ಲಿಟ್ಟು ಚಾರ್ಜ್ ಮಾಡಬೇಡಿ, ಹೈಡ್ರೋಜನ್ ಹೊರಬಂದು ತುಂಬಿಕೊಳ್ಳಬಹುದು.